ಸವುಳು ನೀರಿನ ಮೇಷ್ಟ್ರು

ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಎಬ್ಬಿಸಲು ನೋಡಿದರು. ‘ಟೀಚರ್, ನೀವೂ ಎರಡು ಮಾತಾಡ್ರಿ. ಗ್ವಾಡಿಗೆ ಗ್ವಾಡಿ ಹತ್ತಿ ಇದ್ದವ್ರು’ ಎಂದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತೇ ಇದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ. ಅಷ್ಟು ಹೊತ್ತಿಗಾಗಲೇ ಆರು ಜನ ಮಾತಾಡಿ ಆ ಮನುಷ್ಯನನ್ನು ಋಷಿ ಮಾಡಿಟ್ಟಿದ್ದರು. ಒಬ್ಬರು ಸರಳಜೀವಿ ಎಂದರು, ಇನ್ನೊಬ್ಬರು ಮೂಕಪ್ರಾಣಿಗಳ ಬಂಧು ಎಂದರು. ಮೂಕಪ್ರಾಣಿಗಳ ಬಂಧು, ಹೌದಪ್ಪಾ ಹೌದು. ಮಾತು ಬರುವ ಜೀವವೊಂದು ಅದೇ ಮನೆಯಲ್ಲಿತ್ತಲ್ಲ, ಅದಕ್ಕೆ ಅವರು ಏನಾಗಬೇಕಿತ್ತು ಎಂದು ಕೇಳಬೇಕೆನಿಸಿತು. ಸತ್ತವರ ಫೋಟೊದ ಮುಂದೆ ಜಗಳ ತೆಗೆಯುವುದು ಚೆಂದವಲ್ಲ ಎಂದು ಕೊಟ್ಟ ಬಾಳೆಹಣ್ಣು ತಿಂದು ಎದ್ದು ಬಂದೆ. ಇಲ್ಲಿ ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾನು ಕನ್ನಡ, ಅವರು ವಿಜ್ಞಾನ. ಮನೆಗಳ ನಡುವೆ ಒಂದೇ ಗೋಡೆ. ಎರಡು ಸಾವಿರದ ಇಸವಿಯ ಆಚೀಚಿನ ಐದಾರು ವರ್ಷ ಅವರ ಕೆಮ್ಮು, ಸೀನು, ಉಪದೇಶ ಮೂರರಲ್ಲೂ ನನಗೆ ಪಾಲಿತ್ತು. ಪ್ಯಾಂಟನ್ನು ಎದೆಯವರೆಗೆ ಏರಿಸಿ ಬೆಲ್ಟು ಬಿಗಿಯುತ್ತಿದ್ದರು. ಬಾಯಿ ತೆರೆದರೆ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ‘ಗಮನಿಸಬೇಕು ಟೀಚರ್, ಗಮನಿಸಬೇಕು. ಈ ಮಂದಿ ಬರೇ ನೋಡ್ತಾರ, ಗಮನಿಸಂಗಿಲ್ಲ’ ಎನ್ನುವುದು ದಿನಕ್ಕೆ ಹತ್ತು ಸಲ. ನಾನೊಮ್ಮೆ ಟೈಫಾಯ್ಡಿನಲ್ಲಿ ಬಿದ್ದು ಒಂದು ತಿಂಗಳ ಮೇಲೆ ಶಾಲೆಗೆ ಹೋದೆ. ಕಡ್ಡಿಯಂತಾಗಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಯ್ಯೋ ಎಂದರೆ, ಈ ಮಹಾಶಯರು ತಲೆಯೆತ್ತಿ, ‘ಟೀಚರ್, ನಿನ್ನಿ ನಾ ಕೊಟ್ಟ ಸೀಮೆಸುಣ್ಣದ ಡಬ್ಬಿ ಎಲ್ಲೈತ್ರಿ?’ ಎಂದು ಕೇಳಿದರು. ನಿನ್ನೆಯಂತೆ! ಗಮನಿಸುವವರು ಇವರು.

ಒಮ್ಮೆ ಯಾವುದೋ ಕಾರ್ಯಾಗಾರಕ್ಕೆ ಬೆಂಗಳೂರಿಗೆ ಹೋದವರು ಬಸ್ಸಿನಲ್ಲಿ ಹಾಲಿನ ಕ್ಯಾನೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಹೆಂಡತಿ ಗಿರಿಜಾ ತುಪ್ಪವಿರಬೇಕು ಎಂದುಕೊಂಡು ಎತ್ತಿ ಒಳಗೆ ಇಡಲು ಹೋದಳು. ‘ಕೈ ಹಚ್ಚಬ್ಯಾಡ!’ ಎಂದು ಕೂಗಿದ್ದು ಗೋಡೆಯಾಚೆ ನನಗೂ ಕೇಳಿತು. ಕ್ಯಾನಿನೊಳಗಿದ್ದದ್ದು ಆರು ಮೀನು. ಆವತ್ತಿನಿಂದ ಆ ಎರಡು ಶಬ್ದ ಬಿಟ್ಟರೆ ಆ ಮೀನುಗಳ ವಿಷಯದಲ್ಲಿ ಹೆಂಡತಿಗೆ ಅವರು ಬೇರೇನೂ ಹೇಳಿದ್ದನ್ನು ನಾನು ಕೇಳಿಲ್ಲ. ಉಳಿದ ಜಗತ್ತಿಗೆ ಮಾತ್ರ ಎಲ್ಲ ಹೇಳಿದರು.

ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಮಾಡಿಸಿ, ಮರಳು ಹಾಕಿ, ಬಸವನಹುಳುವಿನ ಖಾಲಿ ಚಿಪ್ಪು ಹರಡಿ, ಒಂದು ಶನಿವಾರ ಸ್ಟಾಫ್ ರೂಮಿನವರನ್ನೆಲ್ಲ ಮೀನು ನೋಡಲು ಕರೆದರು. ಆಫ್ರಿಕಾದ ಮೀನು ಎಂದಿದ್ದರು. ನಾವು ಒಂಬತ್ತು ಜನ ಸಾಲಾಗಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ತೊಟ್ಟಿಯಲ್ಲಿ ಮರಳಿತ್ತು, ಚಿಪ್ಪುಗಳಿದ್ದವು, ನೀರಿತ್ತು. ಮೀನು ಇರಲಿಲ್ಲ. ‘ಸರ್, ಮೀನ ಎಲ್ಲಿ ಅದಾವ್ರಿ?’ ಎಂದು ಡ್ರಿಲ್ ಮೇಷ್ಟ್ರು ಕೇಳಿದರೆ, ‘ಶ್! ಚಿಪ್ಪಿನ್ಯಾಗ ಅದಾವ. ಉಸಿರು ಬಿಗಿ ಹಿಡೀರಿ’ ಎಂದರು. ಹಿಡಿದೆವು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಲೋಟದ ಸಪ್ಪಳಕ್ಕೆ ಮೀನು ಹೊರಗೆ ಬರುವುದಿಲ್ಲ ಎಂದು ಅವಳನ್ನು ಕೈಸನ್ನೆಯಲ್ಲೇ ಒಳಗೆ ಅಟ್ಟಿ ಬಾಗಿಲು ಹಾಕಿಸಿದರು. ಕಾಲು ಗಂಟೆಯ ಮೇಲೆ ಒಂದು ಚಿಪ್ಪಿನಿಂದ ಶೇಂಗಾಕಾಯಿಯಷ್ಟು ಉದ್ದದ, ಮೈಮೇಲೆ ಗೆರೆಗೆರೆಯ ಒಂದು ಪ್ರಾಣಿ ಅರ್ಧ ಹೊರಗೆ ಬಂದು ನಮ್ಮ ಒಂಬತ್ತು ಮುಖಗಳನ್ನು ನೋಡಿ ಗಬಕ್ಕನೆ ಒಳಗೆ ಹೋಯಿತು. ‘ಇದಕ್ಕ ಬಜ್ಜಿ ಮಾಡಿದ್ರ ಹಿಟ್ಟ ಮೀನಕಿಂತ ದಪ್ಪ ಆಗ್ತತಿ’ ಎಂದು ಡ್ರಿಲ್ ಮೇಷ್ಟ್ರು ನನ್ನ ಕಿವಿಯಲ್ಲಿ ಅಂದರು. ಚಹಾ ಆರಿಹೋಗಿತ್ತು. ಕುಡಿಯದೆ ಬಂದೆವು.

ಆ ಚಿಪ್ಪುಗಳ ಕಥೆಯೂ ಅಷ್ಟೇ. ಮೀನು ಮರಿ ಮಾಡಿ ಆರಿದ್ದದ್ದು ಮೂವತ್ತಾದಾಗ ಚಿಪ್ಪು ಸಾಲದೆ ಹೋದವು. ಪ್ರತಿಯೊಂದಕ್ಕೂ ಸ್ವಂತ ಚಿಪ್ಪು ಬೇಕು. ಇಲ್ಲದಿದ್ದರೆ ಒಂದು ಇನ್ನೊಂದರ ಬಾಗಿಲಿಗೆ ಮರಳು ಉಗುಳಿ ಮುಚ್ಚುತ್ತದಂತೆ. ದೇವರ ಮುಖ ನೋಡದ ಮನುಷ್ಯ ಒಂದು ಭಾನುವಾರ ಹಡಗಲಿ ಕಡೆಯ ಹೊಳಲಿಗೆ ಹೊರಟರು. ಗಿರಿಜಾಗೆ ಸಂತೋಷವೋ ಸಂತೋಷ. ಅನಂತಶಯನನ ದರ್ಶನಕ್ಕೆ ಹೋಗ್ಯಾರ ಎಂದು ನನ್ನ ಹತ್ತಿರ ಮೂರು ಸಲ ಹೇಳಿದಳು. ಸಂಜೆ ಅವರು ಭಾರವಾದ ಕೈಚೀಲ ತಂದಾಗ ಪ್ರಸಾದ ಎಂದು ಕಣ್ಣಿಗೊತ್ತಿಕೊಂಡಳು. ಒಳಗೆ ಹೊಳೆದಂಡೆಯಲ್ಲಿ ಆರಿಸಿದ ಬಸವನಹುಳುವಿನ ಚಿಪ್ಪು, ಒಂದೊಂದರಲ್ಲಿ ಹುಳು ಇನ್ನೂ ಕೊಳೆಯುತ್ತಿತ್ತು. ಅವನ್ನು ಕುದಿಸಿ ಶುದ್ಧ ಮಾಡಲು ಅವರಿಗೆ ಸಿಕ್ಕಿದ್ದು ಅವಳ ತವರಿನಿಂದ ಬಂದ ಹಿತ್ತಾಳೆಯ ಸಾರಿನ ಪಾತ್ರೆ. ಪಾತ್ರೆಯನ್ನು ಅವಳು ಹಿತ್ತಲಿಗೆ ಎಸೆದಳು. ಗುಡಿಯೊಳಗೆ ಹೋಗಿದ್ದಿರಾ ಎಂದು ನಾನು ಕೇಳಿದ್ದಕ್ಕೆ, ‘ಟೈಮ್ ಎಲ್ಲಿತ್ರಿ ಟೀಚರ್, ಚಿಪ್ಪು ಆರಸೂದ ಆತು’ ಎಂದರು.

ಕ್ಲಾಸಿನಲ್ಲೂ ಅದೇ ಪಾಠ. ವಿದ್ಯುತ್ತಿನ ಅಧ್ಯಾಯ ಶುರು ಮಾಡಿದವರು ಮೀನಿಗೆ ಬಂದು ನಿಲ್ಲುತ್ತಿದ್ದರು. ನಮ್ಮ ಹುಡುಗರಿಗೆ ಬಲ್ಬು ಏಕೆ ಉರಿಯುತ್ತದೆ ಎಂದು ಗೊತ್ತಿರಲಿಲ್ಲ, ಆ ಮೀನು ಹುಟ್ಟಿದ ಟ್ಯಾಂಗನಿಕಾ ಸರೋವರದ ಆಳ ಗೊತ್ತಿತ್ತು. ಪಬ್ಲಿಕ್ ಪರೀಕ್ಷೆಯಲ್ಲಿ ಸರೋವರ ಬರಲಿಲ್ಲ.

ಶಾಲೆಗೆ ಹೋಗುವ ದಾರಿಯಲ್ಲಿ ನಾನು ಅವರಿಗೆ ಒಂಟಿಯಾಗಿ ಸಿಗುತ್ತಿದ್ದೆ. ಅಷ್ಟೂ ವರ್ಷ ನನಗೆ ಪಾಠವಾದದ್ದು ನೀರಿನದು. ನಮ್ಮ ಕಡೆಯ ಬೋರಿನ ನೀರು ಬಾಯಿಗಿಟ್ಟರೆ ಉಪ್ಪುಪ್ಪು, ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ, ಹಂಡೆಯ ತಳಕ್ಕೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಅದಕ್ಕೇ ಸವುಳು ನೀರು ಎನ್ನುವುದು. ಅದು ಬಳಸುವುದಕ್ಕೆ. ಕುಡಿಯುವುದಕ್ಕೆ ಊರಾಚೆಯ ತೋಟದ ಬಾವಿಯ ಸಿಹಿನೀರು, ತಳ್ಳುಗಾಡಿಯವನು ಮನೆಗೆ ದಿನಕ್ಕೆ ಎರಡೇ ಕೊಡ ಹಾಕುತ್ತಿದ್ದ. ಬಂದವರಿಗೆ ಸವುಳು ನೀರು ಕೊಟ್ಟರೆ ಅವಮಾನ ಮಾಡಿದ ಹಾಗೆ. ಮೇಷ್ಟ್ರು ಮಾತ್ರ ಆ ಸವುಳನ್ನು ಹೊಗಳಿ ಹೊಗಳಿ ಇಡುತ್ತಿದ್ದರು. ‘ಆ ಸರೋವರದ ನೀರು ಹಿಂಗ ಐತ್ರಿ ಟೀಚರ್, ಗಡಸು. ದೇವರು ಕೊಟ್ಟೂರಿಗೆ ಬೋರ್ ಕೊಟ್ಟಿದ್ದ ಈ ಮೀನಿನ ಸಲುವಾಗಿ. ಇವಕ್ಕ ಸಿಹಿನೀರು ಅಂದ್ರ ವಿಷ. ಪೂರಾ ನೀರು ಬದಲಿ ಮಾಡಿ ಸಿಹಿನೀರು ಹಾಕಿದ್ರ ಬೆಳಗಾಗೂದ್ರಾಗ ಒಂದೂ ಉಳಿಯಂಗಿಲ್ಲ.’ ಇದನ್ನು ನಾನು ನೂರು ಸಲ ಕೇಳಿದ್ದೇನೆ. ಮಗ್ಗಿಯಂತೆ ಬಾಯಿಪಾಠವಾಗಿತ್ತು.

ಆಗ ದಿನಕ್ಕೆ ಆರೇಳು ಗಂಟೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ತೊಟ್ಟಿಗೆ ಗಾಳಿ ಬಿಡುವ ಯಂತ್ರ ನಿಲ್ಲುತ್ತದೆ. ಅದಕ್ಕೂ ವಿಜ್ಞಾನದಲ್ಲಿ ಉಪಾಯವಿತ್ತು. ಸೈಕಲ್ ಪಂಪಿಗೆ ನಳಿಕೆ ಸಿಕ್ಕಿಸಿ ನೀರೊಳಗೆ ಬಿಟ್ಟು, ಮಧ್ಯಾಹ್ನವೆಲ್ಲ ಪಂಪು ಹೊಡೆಯುವ ಕೆಲಸವನ್ನು ಹೆಂಡತಿಗೆ ಹಚ್ಚಿ ಶಾಲೆಗೆ ಬರುತ್ತಿದ್ದರು. ಮೀನಿಗೆ ಕೈ ಹಚ್ಚಬಾರದು, ಪಂಪಿಗೆ ಹಚ್ಚಬಹುದು. ಒಂದು ದಿನ ನಾನು ಬೇಗ ಮನೆಗೆ ಬಂದು ನೋಡಿದರೆ ಗಿರಿಜಾ ಒಂದು ಕೈಯಲ್ಲಿ ಪಂಪು, ಇನ್ನೊಂದು ಕೈಯಿಂದ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಮುಖ ಬೆವತು ಬೆಳ್ಳಗಾಗಿತ್ತು. ‘ಏನಿಲ್ರಿ ಅಕ್ಕಾ, ಮತ್ತ ಹಳ್ಳು ಸರದಾಡಾಕ ಹತ್ತೈತಿ’ ಎಂದಳು. ಅವಳ ಕಿಡ್ನಿಯಲ್ಲಿ ಹರಳಾಗಿ ಎರಡು ವರ್ಷವಾಗಿತ್ತು. ನಾನೇ ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಂಜೆ ಮೇಷ್ಟ್ರು ಬಂದು ಕೇಳಿದ್ದು, ‘ಪಂಪ್ ಎಷ್ಟೊತ್ತು ನಿಂತಿತ್ತು?’ ಎಂದು. ದೇವರಾಣೆ, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು: ಈ ನೀರು ಬಿಡಿಸಿ, ಎರಡು ಕೊಡದಲ್ಲಿ ಇವಳಿಗೆ ಆಗುವುದಿಲ್ಲ, ಹೊಳೆ ನೀರಿನ ಊರು ನೋಡಿ. ಅದೃಷ್ಟಕ್ಕೆ ಹಡಗಲಿಯ ವಿಜ್ಞಾನದ ಮೇಷ್ಟ್ರೊಬ್ಬರಿಗೆ ಕೊಟ್ಟೂರು ಬೇಕಾಗಿತ್ತು. ಪರಸ್ಪರ ವರ್ಗಾವಣೆ. ಅವರು ಅರ್ಜಿಗೆ ತಮ್ಮ ಸಹಿ ಹಾಕಿಯೇ ಕಳಿಸಿದ್ದರು, ಇವರದೊಂದು ಸಹಿ ಬಿದ್ದರೆ ಆಯಿತು. ಹಡಗಲಿಯಲ್ಲಿ ನಲ್ಲಿ ತಿರುಗಿಸಿದರೆ ತುಂಗಭದ್ರೆ. ಗಿರಿಜಾ ಆ ಅರ್ಜಿಯನ್ನು ದೇವರ ಫೋಟೊದ ಹಿಂದೆ ಸಿಕ್ಕಿಸಿಟ್ಟು ನಾಲ್ಕು ತಿಂಗಳು ಕೈಮುಗಿದಳು. ಸಹಿ ಬೀಳಲಿಲ್ಲ. ದೀಪಾವಳಿಯೊಳಗೆ ಹೇಳದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹಡಗಲಿಯವರು ಕೊನೆಗೆ ಫೋನು ಮಾಡಿದರು.

‘ಅಕ್ಕಾ, ನೀವರ ಒಂದು ಮಾತು ಹೇಳ್ರಿ. ಮೀನು ತಡಕೊಳ್ಳಂಗಿಲ್ಲ ಅಂತಾರ. ಲಾರ್‍ಯಾಗ ಕುಲುಕಾಡಿ ಸಾಯ್ತಾವಂತ ಕಾಣ್ತತಿ. ಬೇಕಾದ್ರ ನಾ ತೊಡಿ ಮ್ಯಾಲ ಇಟ್ಕಂಡು ಬರ್ತೀನಿ’ ಎಂದಳು ಗಿರಿಜಾ. ಲಾರಿಯಲ್ಲಮ್ಮಾ, ನೀರಿನ ಸಲುವಾಗಿ ಎಂದು ನನ್ನ ಬಾಯಿಗೆ ಬಂತು. ನಿನ್ನ ಹೊಟ್ಟೆಯಲ್ಲಿ ಹಳ್ಳು ಕಟ್ಟುವ ನೀರೇ ಅವಕ್ಕೆ ಬೇಕು, ಅದಕ್ಕೇ ಅವರು ಹೊರಡುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಲಿಲ್ಲ. ಮೇಷ್ಟ್ರನ್ನೇ ದಾರಿಯಲ್ಲಿ ಹಿಡಿದೆ.

‘ಸರ್, ಆ ಸಹಿ ಹಾಕ್ರಿ. ಗಿರಿಜಾ ಸಾಯಾಕ ಹತ್ಯಾಳ.’

‘ಹಡಗಲಿ ನೀರು ಮೆತ್ತಗ ಐತ್ರಿ ಟೀಚರ್. ಇವು ತಡಿಯಂಗಿಲ್ಲ.’

‘ನೀರಿಗೆ ಸುಣ್ಣದ ಕಲ್ಲು ಹಾಕ್ರಿ, ಗಡಸಾಗ್ತತಿ. ನೀವ ಹೇಳಿದ್ದಲ್ಲ?’

‘ಅದು ಅಷ್ಟು ಸರಳ ಇಲ್ಲ.’ ತಮಗೆ ಬೇಡವಾದದ್ದು ಯಾವುದೂ ಅವರಿಗೆ ಸರಳವಿರುತ್ತಿರಲಿಲ್ಲ.

‘ಮತ್ತ ನಿಮ್ಮ ಹೆಂಡ್ತಿ?’

‘ಹಳ್ಳು ಅರ್ಧ ಊರಿಗೆ ಅದಾವ. ಬಾರ್ಲಿ ನೀರು ಕುಡಿ ಅಂತ ಹೇಳೀನಲ್ಲ.’

ನನಗೆ ತಡೆಯಲಿಲ್ಲ. ‘ಒಂದು ಕೆಲಸ ಮಾಡ್ರಿ ಸರ್. ಅಕಿಗೂ ಒಂದು ಚಿಪ್ಪು ತಂದು ಕೊಡ್ರಿ. ಅದರಾಗ ಕುಂತ್ರ ಆಗರ ನಿಮಗ ಕಾಣ್ತಾಳೇನೋ’ ಎಂದೆ. ಅವರು ಬೆರಳು ಮೇಲೆತ್ತಿ ಸ್ವಲ್ಪ ಯೋಚನೆ ಮಾಡಿ, ‘ಅಷ್ಟು ದೊಡ್ಡ ಚಿಪ್ಪು ನಮ್ಮ ಹೊಳ್ಯಾಗ ಸಿಗಂಗಿಲ್ಲ ಟೀಚರ್’ ಎಂದರು. ಗೇಲಿಗೆ ಗೇಲಿಯಲ್ಲ ಅದು, ನಿಜವಾಗಿಯೂ ಯೋಚಿಸಿ ಹೇಳಿದ್ದು. ಇಂಥವರ ಜೊತೆ ಜಗಳವಾಡುವುದಕ್ಕಿಂತ ಬಂಡೆಗೆ ಹಣೆ ಚಚ್ಚಿಕೊಳ್ಳಬಹುದು.

ದೀಪಾವಳಿಯ ಹಿಂದಿನ ವಾರ ಅವರಿಗೆ ಬಳ್ಳಾರಿಯಲ್ಲಿ ತರಬೇತಿ ಬಿತ್ತು. ಮೀನಿಗೆ ದಿನಾ ಒಂದು ಚಿಟಿಕೆ ಆಹಾರ ಹಾಕುವ ಕೆಲಸವನ್ನು ನನಗೆ ಒಪ್ಪಿಸಿದರು, ಮನೆಯಲ್ಲಿ ಹೆಂಡತಿ ಇರುವಾಗಲೇ! ‘ನೀವು ಓದಿದವ್ರು ಟೀಚರ್, ನಿಮಗ ತಿಳಿತತಿ.’ ಗಿರಿಜಾಗೆ ಮಾಮೂಲಿನಂತೆ ‘ಕೈ ಹಚ್ಚಬ್ಯಾಡ’. ಹೊರಡುವ ಮುಂಚೆ ನನಗೊಂದು ಚೀಟಿ ಕೊಟ್ಟರು. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ, ಸಿಹಿನೀರು ಯಾವ ಕಾರಣಕ್ಕೂ ಹಾಕಬಾರದು ಎಂದು ಬರೆದು ಅಡಿಗೆರೆ ಎಳೆದಿದ್ದರು.

ನರಕ ಚತುರ್ದಶಿಯ ಹಿಂದಿನ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಮನೆಯಲ್ಲಿರುವ ಹಂಡೆ, ಕೊಡ, ತಂಬಿಗೆ ಯಾವುದನ್ನೂ ಬಿಡದೆ ಹಳೆ ನೀರು ಚೆಲ್ಲಿ, ತಿಕ್ಕಿ ಬೆಳಗಿ, ಹೊಸ ನೀರು ತುಂಬಿ ಅರಿಶಿನ ಕುಂಕುಮ ಹಚ್ಚುತ್ತೇವೆ. ಅವತ್ತು ಹಳೆ ನೀರು ಮನೆಯಲ್ಲಿ ಉಳಿಯಬಾರದು. ಸಂಜೆ ಚಿಟಿಕೆ ಆಹಾರ ಹಿಡಿದು ನಾನು ಅವರ ಮನೆಗೆ ಹೋದೆ. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೀನಿನ ತೊಟ್ಟಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ತೊಟ್ಟಿ ಖಾಲಿ. ಮೀನೂ ಚಿಪ್ಪೂ ಪಕ್ಕದ ಬೋಗುಣಿಯೊಂದರಲ್ಲಿ ಒಂದಿಷ್ಟು ಹಳೆ ನೀರಿನಲ್ಲಿದ್ದವು. ಗೋಡೆಗುಂಟ ನಾಲ್ಕು ಕೊಡ ಸಿಹಿನೀರು, ಕೊರಳಿಗೆ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದವು.

‘ಬೈಬ್ಯಾಡ್ರಿ ಅಕ್ಕಾ’ ಎಂದು ನಕ್ಕಳು. ‘ಕೈ ಹಚ್ಚಬ್ಯಾಡ ಅಂದಾರ, ಗೊತ್ತೈತಿ. ಹಬ್ಬಕ್ಕ ಸೈತ ಹಚ್ಚಬಾರದೇನ್ರಿ? ಮನಿಯಾಗಿನ ನೀರೆಲ್ಲಾ ಹೊಸಾದು ಮಾಡೀನಿ, ಇವಕ್ಕೊಂದ ಯಾಕ ಹಳೇದು? ಪಾಪ, ಬಂದಾಗಿಂದ ಆ ಸವಳ ಕುಡಕೊಂತ ಬಿದ್ದಾವ. ಅದರ ಸಂಕಟ ನನಗ ಗೊತ್ತು. ಎರಡು ದಿನದ ಕೊಡ ಕೂಡಿಟ್ಟೀನಿ. ಹಬ್ಬದ ದಿನ ಅವೂ ಸಿಹಿನೀರು ಕಾಣ್ಲಿ.’

ಮೊದಲ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು. ನನಗೆ ಚೀಟಿಯ ದಪ್ಪಕ್ಷರ ಕಣ್ಣಿಗೆ ಕಟ್ಟಿತು. ದೇವರ ಫೋಟೊದ ಹಿಂದಿನ ಅರ್ಜಿಯೂ ಕಂಡಿತು. ಮೀನು ಹೋದರೆ ಸಹಿ ಬೀಳುತ್ತದೆ, ಇವಳು ಬದುಕುತ್ತಾಳೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು, ನಾನೇನೂ ಅಷ್ಟು ಒಳ್ಳೆಯವಳಲ್ಲ. ಗಮನಿಸಬೇಕು ಗಮನಿಸಬೇಕು ಎಂದು ಐದು ವರ್ಷ ನನ್ನ ತಲೆ ತಿಂದ ಆ ಮನುಷ್ಯನ ಮುಖ ನಾಳೆ ಹೇಗಾಗುತ್ತದೆ ನೋಡಬೇಕು ಎಂಬ ಆಸೆಯೂ ಇತ್ತು. ಆಸೆಯೇ ಜಾಸ್ತಿ ಇತ್ತು. ಬಾಯಿ ತೆರೆದೆ.

‘ನಾಳಿಗೆ ಹೂರಣಕ್ಕ ಬ್ಯಾಳಿ ತಂದಿಯೇನು?’ ಎಂದು ಕೇಳಿದೆ.

‘ತಂದೀನ್ರಿ’ ಎಂದು ಅವಳು ನೀರು ಸುರಿದಳು.

ಬೆಳಿಗ್ಗೆ ತಲೆಗೆ ಹಚ್ಚಿದ ಎಣ್ಣೆ ಹಾಗೇ ಇರುವಾಗ ಓಡಿ ಬಂದಳು. ‘ಅಕ್ಕಾ, ಅವು ಚಿಪ್ಪು ಬಿಟ್ಟು ಹೊರಗ ಬಂದು ಮಲಗ್ಯಾವ. ಮುಟ್ಟಿದ್ರೂ ಏಳವಲ್ವು.’ ಹೋಗಿ ನೋಡಿದೆ. ಅಷ್ಟು ವರ್ಷ ಕಾದರೂ ಮುಖ ತೋರಿಸದ ಮೀನುಗಳು ಮೂವತ್ತೂ ಒಂದೇ ಸಲ ಕಂಡವು, ಮರಳಿನ ಮೇಲೆ, ಒಂದು ಮಗ್ಗುಲಾಗಿ. ‘ಬಾವ್ಯಾಗ ಯಾರರ ಏನರ ಹಾಕಿದ್ರೇನ್ರಿ? ನನ್ನ ಕೈಗುಣಾನ ಹಿಂಗೇನ್ರಿ?’ ಎಂದು ಅತ್ತಳು. ‘ಅವುಗಳ ಆಯುಷ್ಯ ಅಷ್ಟ ಇತ್ತು ಬಿಡವ್ವಾ’ ಎಂದೆ. ಹಬ್ಬದ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಗಂಡ ಬರುವ ಹೊತ್ತಿಗೆ ಜೊತೆಗಿರಿ ಎಂದು ನನ್ನ ಕೈ ಬಿಡಲಿಲ್ಲ.

ಮಧ್ಯಾಹ್ನ ಬಂದರು. ಚೀಲ ಇನ್ನೂ ಹೆಗಲಲ್ಲೇ ಇತ್ತು, ತೊಟ್ಟಿಯ ಮುಂದೆ ನಿಂತರು. ಗಿರಿಜಾ ಗೋಡೆ ಹಿಡಿದು, ‘ನಾನ ಮಾಡೀನ್ರಿ. ನೀರು ತುಂಬೂ ಹಬ್ಬ ಅಂತ ಸಿಹಿನೀರು ಹಾಕಿದೆ’ ಎಂದಳು. ಒಂದು ಕೂಗು ಕೂಗಲಿ ಎಂದು ನಾನು ಕಾದಿದ್ದೆ. ಐದು ವರ್ಷದಿಂದ ಕೂಡಿಟ್ಟ ಮಾತೆಲ್ಲ ನಾಲಿಗೆಯ ತುದಿಗಿತ್ತು. ಅವರು ಕೂಗಲಿಲ್ಲ.

‘ಎಷ್ಟು ಕೊಡ ಹಾಕಿದಿ?’

‘ನಾಕು.’

‘ನಾಕು ಎಲ್ಲಿಂದ ಬಂದ್ವು? ನಿನಗ ಕುಡಿಯಾಕ?’

‘ಎರಡು ದಿನ ಸವಳನ ಕುಡದೆ. ಎರಡು ದಿನಕ್ಕ ಏನಾಗ್ತತ್ರಿ.’

ಅವರು ತಿರುಗಿ ಹೆಂಡತಿಯ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಊದಿದ ಕಣ್ಣಿನ ಕೆಳಭಾಗ, ಸೊಂಟಕ್ಕೆ ಒತ್ತಿಕೊಂಡ ಕೈ, ಎಲ್ಲ ನೋಡಿದರು. ಆಮೇಲೆ, ‘ಆ ಅರ್ಜಿ ತಾ’ ಎಂದರು. ಅವಳು ತಂದಳು. ತೊಟ್ಟಿಯ ಗಾಜಿಗೆ ಹಚ್ಚಿ ಸಹಿ ಹಾಕಿ ಅವಳ ಕೈಗೆ ಕೊಟ್ಟರು. ನಾನು ಗೆದ್ದೆ ಅಂದುಕೊಂಡೆ. ಸುಳ್ಳೇಕೆ, ಒಳಗೊಳಗೆ ಖುಷಿಯಾಯಿತು. ಆಗ ಅವರು ನನ್ನ ಕಡೆ ತಿರುಗಿದರು. ಬೆರಳು ಮೇಲೆದ್ದಿರಲಿಲ್ಲ.

‘ಅಕಿಗೆ ನಾ ಹೇಳಿದ್ದಿಲ್ಲ ಟೀಚರ್. ಅದು ನನ್ನ ತಪ್ಪು. ನಿಮಗ ಹೇಳಿದ್ದೆ.’

ಗಿರಿಜಾ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ‘ಏನ್ ಹೇಳಿದ್ರಿ? ಸಿಹಿನೀರು ಆಗಂಗಿಲ್ಲಂತನಾ? ನಿಮಗ ಗೊತ್ತಿತ್ತೇನ್ರಿ ಅಕ್ಕಾ? ನಾ ಸುರಿವಾಗ ನೀವು ಇಲ್ಲೇ ನಿಂತಿದ್ರಲ್ಲ?’

ಇಡೀ ಊರಿಗೆ ಉತ್ತರ ಕೊಡುವ ನಾನು ಗೋಡೆಗುಂಟ ಇದ್ದ ಖಾಲಿ ಕೊಡವೊಂದನ್ನು ಎತ್ತಿ ಸೆರಗಿನಿಂದ ಒರೆಸತೊಡಗಿದೆ. ಕೊನೆಗೆ ಆ ಮನುಷ್ಯನೇ ಚೀಲ ಕೆಳಗಿಟ್ಟು ಹೆಂಡತಿಗೆ ಹೇಳಿದರು:

‘ಮರತಿರಬೇಕು ಬಿಡು. ಹಬ್ಬದ ಗದ್ದಲದಾಗ ಯಾರಿಗೆ ಏನ್ ನೆನಪಿರ್ತತಿ.’

ಅವಳು ನಂಬಿದಳು. ಹಡಗಲಿಗೆ ಹೋದಳು, ಹೊಳೆ ನೀರು ಕುಡಿದು ಚೇತರಿಸಿಕೊಂಡಳು, ಈಗಲೂ ಫೋನು ಮಾಡಿ ಅಕ್ಕಾ ಎನ್ನುತ್ತಾಳೆ. ಅವರು ಸಾಯುವವರೆಗೆ ಅವಳಿಗೆ ನಿಜ ಹೇಳಲಿಲ್ಲ ಎಂದು ಆ ‘ಅಕ್ಕಾ’ ಕೇಳಿದಾಗಲೆಲ್ಲ ನನಗೆ ಗೊತ್ತಾಗುತ್ತದೆ. ಅವರು ಮಾಡಿದ ಉಳಿದದ್ದನ್ನೆಲ್ಲ ನಾನು ಹೇಗೋ ಕ್ಷಮಿಸಿದ್ದೇನೆ. ಅದೊಂದನ್ನು ಕ್ಷಮಿಸುವುದು ನನ್ನಿಂದ ಆಗಿಲ್ಲ.